ಕಲ್ಲಣಬೆಯ ವಿಳಾಸ

ತಪ್ಪು ಎಂದು ಖಾತ್ರಿಯಾದ ಮೇಲೂ ನಾನು ತಿದ್ದುಪಡಿ ಹಾಕದೆ ಬಿಟ್ಟ ವರದಿ ಒಂದೇ ಒಂದು. ಅದು ಅಣಬೆಯ ಕುರಿತಾದದ್ದು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಹುಬ್ಬಳ್ಳಿಯಿಂದ ಹೊರಡುವ ಒಂದು ದಿನಪತ್ರಿಕೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ಸುದ್ದಿ ಕಳಿಸುತ್ತಿದ್ದೆ. ಕಚೇರಿ ಎಂದರೆ ಶಿರಸಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಟೈಪಿಂಗ್ ಕ್ಲಾಸಿನ ಮೇಲಿನ ಒಂದು ಕೋಣೆ. ಎರಡು ಕುರ್ಚಿ, ಒಂದು ಫ್ಯಾಕ್ಸ್ ಯಂತ್ರ. ಕೆಳಗೆ ಮೂವತ್ತು ಮಂದಿ ಒಟ್ಟಿಗೆ ಟೈಪು ಹೊಡೆಯುತ್ತಿದ್ದುದರಿಂದ ನನ್ನ ಕಚೇರಿಯಲ್ಲಿ ಭಾರಿ ಕೆಲಸ ನಡೆಯುತ್ತಿದೆ ಎಂದು ಬಂದವರು ತಿಳಿಯುತ್ತಿದ್ದರು.

ಹುಬ್ಬಳ್ಳಿಯ ಡೆಸ್ಕಿನ ಮುಖ್ಯಸ್ಥರು ನನಗೆ ಕಲಿಸಿದ್ದು ಐದು ಪ್ರಶ್ನೆಗಳನ್ನು: ಯಾರು, ಏನು, ಎಲ್ಲಿ, ಯಾವಾಗ, ಯಾಕೆ. ‘ಯಾಕ ಅನ್ನೂದು ಬಿಟ್ರೂ ನಡೀತೈತಿ, ಎಲ್ಲಿ ಅನ್ನೂದು ಬಿಟ್ರ ಅದು ಸುದ್ದಿ ಅಲ್ಲ, ಕಟ್ಟೀಮ್ಯಾಲಿನ ಮಾತು’ ಎನ್ನುತ್ತಿದ್ದರು. ನಾನು ಈ ನಿಯಮವನ್ನು ಪಾಲಿಸಿಕೊಂಡು ಬಂದಿದ್ದೆ. ಆಕಳು ಬಾವಿಗೆ ಬಿದ್ದರೂ ಬಾವಿ ಯಾರ ಹಿತ್ತಲಲ್ಲಿದೆ ಎಂದು ಕೇಳಿಯೇ ಬರೆಯುತ್ತಿದ್ದೆ.

ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಯುವತಿ ಮೆಟ್ಟಿಲು ಹತ್ತಿ ಬಂದಳು. ಬೆನ್ನಿಗೆ ಚೀಲ, ಕಾಲಿಗೆ ಗಂಡಸರ ಬೂಟು, ಕೈಯಲ್ಲಿ ಒಂದು ಸುತ್ತಿದ ನಕ್ಷೆ.

‘ಸರ, ಪೇಪರಿನವ್ರು ನೀವs ಅಲ್ರೀ? ಈ ಕಡೆ ಅಡವಿ ನಿಮಗ ಗೊತ್ತಿರ್ತೈತಿ ಅಂದ್ರು. ನಾ ನೆಲದಾಗಿನ ಅಣಬಿ ಹುಡಕಾಕತ್ತೀನ್ರಿ.’

ಅಣಬೆ ನೆಲದ ಮೇಲೆ ಏಳುತ್ತದೆಯಲ್ಲವೇ ಎಂದು ಕೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಇಂಥ ಪ್ರಶ್ನೆಗೇ ಅವಳು ಕಾಯುತ್ತಿದ್ದಳೆಂದು ಆಮೇಲೆ ತಿಳಿಯಿತು.

‘ಮೊದ್ಲು ಎಲ್ಲಾ ಛತ್ರಿ ಬಿಚ್ಚಿ ಮ್ಯಾಲ ನಿಂತಿದ್ವು ಅಂತ ತಿಳ್ಕೋರ್ರಿ. ಛತ್ರಿ ಕೆಳಗಿಂದ ಧೂಳಿನಂಥಾ ಬೀಜ ಉದುರತೈತಿ, ಗಾಳಿ ಒಯ್ತೈತಿ. ಬಿಸಲು ಜಾಸ್ತಿ ಇದ್ದಲ್ಲಿ, ಮಳಿ ನೆಚ್ಚಿಕಿ ಇಲ್ಲದಲ್ಲಿ ಛತ್ರಿ ಒಣಗಿ ಹೋಗ್ತಿತ್ತು. ಹಂಗಾಗಿ ಕೆಲವು ಬಿಚ್ಚೂದs ಬಿಟ್ವು. ನೆಲದಾಗ ಉಂಡಿಯಾಗಿ ಕುಂತ್ವು.’

‘ಹಾಗಾದರೆ ಬೀಜ ಊರು ದಾಟುವುದು ಹೇಗೆ?’

‘ವಾಸನೀರೀ! ಅಂಥಾ ವಾಸನಿ ಬಿಡ್ತಾವು. ಹಂದಿ, ಇಲಿ, ಮುಳ್ಳಹಂದಿ ಹುಡಿಕ್ಕೊಂಡು ಬರ್ತಾವು, ಕೆದರ್ತಾವು, ತಿಂತಾವು, ಮುಂದ ಎಲ್ಲೋ ಹೋಗಿ ಹಾಕ್ತಾವು. ಅಲ್ಲಿ ಮತ್ತ ಹುಟ್ಟತೈತಿ.’

ನಾನು ಟಿಪ್ಪಣಿ ಪುಸ್ತಕದಲ್ಲಿ ‘ಹಾಕ್ತಾವು’ ಎಂಬುದನ್ನು ‘ವಿಸರ್ಜಿಸುತ್ತವೆ’ ಎಂದು ಬರೆದುಕೊಂಡೆ.

ಇದನ್ನು ಯಾವುದೋ ಒಂದೇ ಕುಲದ ಅಣಬೆ ಮಾಡಿದ್ದಲ್ಲವಂತೆ. ಪರಸ್ಪರ ಸಂಬಂಧವೇ ಇಲ್ಲದ ಹತ್ತಾರು ಕುಲಗಳು, ಒಂದನ್ನು ನೋಡಿ ಇನ್ನೊಂದು ಕಲಿತದ್ದಲ್ಲ, ತಮ್ಮ ತಮ್ಮ ದೇಶದಲ್ಲಿ ತಾವೇ ಯೋಚಿಸಿದಂತೆ ನೆಲದೊಳಗೆ ಇಳಿದಿವೆ. ಯುರೋಪಿನಲ್ಲಿ ಓಕ್ ಮರದ ಬೇರಿನಲ್ಲಿ ಕುಳಿತದ್ದನ್ನು ಟ್ರಫಲ್ ಎನ್ನುತ್ತಾರೆ. ಅದನ್ನು ಹುಡುಕಲು ಹಂದಿ, ನಾಯಿ ಸಾಕುತ್ತಾರೆ. ಶ್ರೀಮಂತರು ಊಟದ ಮೇಲೆ ಅದನ್ನು ಹೆರೆದು ಉದುರಿಸಿಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ; ಅಲ್ಲಿ ಹೊಟ್ಟೆಚೀಲದ ಸಣ್ಣ ಪ್ರಾಣಿಗಳು ಅಗೆದು ತಿನ್ನುತ್ತವೆ. ಅರಬರ ಮರಳುಗಾಡಿನಲ್ಲೂ ಒಂದಿದೆ. ಗುಡುಗು ಹೊಡೆದರೆ ಅದು ಏಳುತ್ತದೆಂದು ಅಲ್ಲಿನವರ ನಂಬಿಕೆ. ನಮ್ಮಲ್ಲೂ ಗುಡುಗಿಗೇ ಅಣಬೆ ಏಳುವುದು ಎನ್ನುತ್ತಾರೆ ಎಂದೆ. ಅವಳು ಅದನ್ನು ಬರೆದುಕೊಂಡಳು. ಆ ದಿನ ನಾನು ಕೊಟ್ಟ ಸರಿಯಾದ ಮಾಹಿತಿ ಅದೊಂದೇ.

ಅವಳಿಗೆ ಬೇಕಾದದ್ದು ಕಲ್ಲಣಬೆ. ಎಳೆಯದರಲ್ಲಿ ಗೋಲಿಯ ಹಾಗೆ ಮಣ್ಣಿನಲ್ಲಿ ಹುದುಗಿರುತ್ತದೆ. ಬಲಿತ ಮೇಲೆ ಮೇಲೆದ್ದು ನಕ್ಷತ್ರದಂತೆ ಸೀಳಿ ಧೂಳು ಬಿಡುತ್ತದೆ. ‘ಇದು ಟ್ರಫಲ್ ಅಲ್ರಿ, ಅದರ ಕುಲಾನೂ ಅಲ್ಲ. ಪೂರ್ತಿ ಒಳಗೂ ಹೋಗಿಲ್ಲ, ಪೂರ್ತಿ ಹೊರಗೂ ಉಳದಿಲ್ಲ. ಅರ್ಧಾ ದಾರ್ಯಾಗ ನಿಂತೈತಿ. ಅದಕ್ಕs ನನಗ ಬೇಕು’ ಎಂದಳು. ಘಟ್ಟದ ಕೆಳಗೆ ಕರಾವಳಿಯ ಸಂತೆಗಳಲ್ಲಿ ಮಳೆಗಾಲದ ಮೊದಲ ವಾರ ಅದನ್ನು ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ಅಲ್ಲಿ ಅದು ಹೈಗ ಎಂಬ ಕಾಡುಮರದ ಬೇರಿಗೆ ಅಂಟಿಕೊಂಡಿದ್ದನ್ನು ಅವಳು ಕಂಡಿದ್ದಳು. ಹೈಗದ ಕುಲದ ಮರಗಳು, ಭಾರತದ ನೆಲ ದಕ್ಷಿಣದಿಂದ ತೇಲಿ ಬಂದು ಏಷ್ಯಾಕ್ಕೆ ಹತ್ತಿಕೊಂಡಾಗ ಅದರ ಮೇಲೆ ಕುಳಿತು ಬಂದವು, ಮುಂದೆ ಮಲಯದ ಕಡೆಗೂ ಹೋದವು ಎಂದು ಒಂದು ವಾದವಿದೆ. ಅಣಬೆಯೂ ಬೇರಿನಲ್ಲಿ ಕುಳಿತು ಜೊತೆಗೇ ಪ್ರಯಾಣ ಮಾಡಿರಬೇಕು ಎಂಬುದು ಅವಳ ಊಹೆ.

‘ಟಿಕೆಟ್ ಇಲ್ಲದೆ?’ ಎಂದೆ.

‘ಟಿಕೆಟ್ ತಗೊಂಡs ರೀ. ಇದು ಮರಕ್ಕ ಮಣ್ಣಿನ ಸತ್ವಾ ತಂದು ಕೊಡತೈತಿ, ಮರ ಇದಕ್ಕ ಸಕ್ಕರಿ ಕೊಡತೈತಿ.’

ಅವಳು ನಕ್ಷೆ ಬಿಚ್ಚಿದಳು. ಕರಾವಳಿಯುದ್ದಕ್ಕೂ ಕೆಂಪು ಚುಕ್ಕಿಗಳು. ಘಟ್ಟ ಹತ್ತಿದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಖಾಲಿ. ಅಣಬೆ ಮರದ ಬೆನ್ನು ಹತ್ತಿ ಹೋಗುತ್ತದೆ, ಕರಾವಳಿಯ ಮಣ್ಣಿನ ಬೆನ್ನು ಹತ್ತಿ ಅಲ್ಲ ಎಂದು ತೋರಿಸಲು ಘಟ್ಟದ ಮೇಲೆ, ಹೈಗದ ಬೇರು ಸಮೇತ, ಒಂದಾದರೂ ಕಲ್ಲಣಬೆ ಸಿಗಬೇಕು. ಸಿಕ್ಕಿದ ಜಾಗ ನಿಖರವಾಗಿ ಬರೆದಿರಬೇಕು; ವಿಳಾಸವಿಲ್ಲದ ಮಾದರಿಗೆ ಶಾಸ್ತ್ರದಲ್ಲಿ ಬೆಲೆ ಇಲ್ಲ. ಎರಡು ಮಳೆಗಾಲ ಯಲ್ಲಾಪುರದ ಕಾಡಿನಲ್ಲೂ ಎಕ್ಕಂಬಿಯ ಕಡೆಯ ತೇಗದ ತೋಪುಗಳಲ್ಲೂ ತಿರುಗಿದ್ದಳು, ಸಿಕ್ಕಿರಲಿಲ್ಲ. ಇದು ಮೂರನೆಯದು, ಕೊನೆಯದು. ಶ್ರಾವಣದ ಹೊತ್ತಿಗೆ ಅವಳ ಶಿಷ್ಯವೇತನ ಮುಗಿಯುತ್ತಿತ್ತು. ಈ ಒಂದು ಉಂಡೆ ಸಿಗದಿದ್ದರೆ ಅಧ್ಯಾಯ ಬೀಳುತ್ತದೆ, ಅಧ್ಯಾಯ ಬಿದ್ದರೆ ಪ್ರಬಂಧವೇ ಬೀಳುತ್ತದೆ ಎಂದು ಅವಳ ಮಾರ್ಗದರ್ಶಕರು ಹೇಳಿ ಕಳಿಸಿದ್ದರು.

ನಾನು ಬರೆದು ನೆರವಾಗೋಣವೆಂದುಕೊಂಡೆ. ವಿದೇಶದಲ್ಲಿ ನೆಲದೊಳಗಿನ ಅಣಬೆಗೆ ಭಾರಿ ಬೇಡಿಕೆ ಇದೆಯೆಂದೂ, ಅದರ ದೂರದ ಅನುಕರಣೆಯೊಂದನ್ನು ಸಂಶೋಧಕಿಯೊಬ್ಬರು ಇಲ್ಲಿ ಹುಡುಕುತ್ತಿದ್ದಾರೆಂದೂ ಬರೆದೆ. ಏಕಪಕ್ಷೀಯ ಆಗಬಾರದೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ಆದರೆ ಇಂಥ ಅಣಬೆ ಈ ಭಾಗದಲ್ಲಿ ಬೆಳೆಯುವುದಿಲ್ಲ ಎಂದು ಸ್ಥಳೀಯ ಹಿರಿಯರು ಖಚಿತಪಡಿಸಿದ್ದಾರೆ.’

ಜನ ವರದಿಯ ಮೊದಲರ್ಧವನ್ನು ನಂಬಿದರು.

ಮರುದಿನದಿಂದ ನನ್ನ ಕಚೇರಿಗೆ ದುಂಡಗಿರುವುದೆಲ್ಲ ಬರತೊಡಗಿತು. ಕಾಡುಗೆಣಸು ಬಂತು. ಗೆದ್ದಲಿನ ಹುತ್ತದೊಳಗಿನ ಜೇನುಹುಟ್ಟಿನಂಥ ಗೂಡು, ಗೆದ್ದಲಿನ ಸಮೇತ ಬಂತು. ಎಕ್ಕಂಬಿಯಿಂದ ಬಂದ ಹಿರಿಯರೊಬ್ಬರು ಟವೆಲಿನ ಗಂಟು ಬಿಚ್ಚಿ, ‘ಮೂರು ವರ್ಷಾತ್ರಿ ಹೊಲದ ಬದುವಿನಾಗ ಸಿಕ್ಕು. ಏನೈತಿ ಅಂತ ಗೊತ್ತಾಗ್ವಲ್ದು. ವಾಸನಿ ಮಾತ್ರ ಭಾರಿ ಐತಿ, ಮೂಸಿ ನೋಡ್ರಿ’ ಎಂದರು. ಮಣ್ಣು ತೊಳೆದು ನೋಡಿದಾಗ ಅದು ಟೆನಿಸ್ ಚೆಂಡು. ಹೆಚ್ಚಿನವರು ತಂದದ್ದು ಯಾವುದಾದರೂ ಪ್ರಾಣಿ ವಿಸರ್ಜಿಸಿದ್ದನ್ನು. ಸಂಶೋಧಕಿ ಪ್ರತಿಯೊಂದನ್ನೂ ಬೇಸರಿಸದೆ ಒಡೆದು ನೋಡಿ, ‘ಇದು ಮುಳ್ಳಹಂದೀದರಿ, ಒಳ್ಳೆ ಆರೋಗ್ಯ ಐತಿ’ ಎಂದು ವಾಪಸು ಕೊಡುತ್ತಿದ್ದಳು. ಯಲ್ಲಾಪುರದ ಲಾರಿ ಡ್ರೈವರ್ ಒಬ್ಬ ಅಕೇಶಿಯಾ ನೆಡುತೋಪಿನಿಂದ ತಂದ ಕಂದು ಉಂಡೆಯೊಂದು ಮಾತ್ರ ಅಣಬೆಯೇ ಆಗಿತ್ತು. ಅವಳ ಮುಖ ಒಂದು ಕ್ಷಣ ಅರಳಿ, ಮತ್ತೆ ಬಾಡಿತು. ಅದು ಆಸ್ಟ್ರೇಲಿಯಾದ್ದು, ಮರ ತಂದವರಿಗೆ ಗೊತ್ತಿಲ್ಲದೆ ಮರದ ಜೊತೆ ಬಂದದ್ದು. ‘ನಮ್ಮದು ಹುಡಿಕಿದ್ರ ಸಿಗೂದಿಲ್ಲ, ಅವರದು ಕರೀದs ಬಂದು ಕುಂತೈತಿ’ ಎಂದಳು.

ವರದಿಯ ಉತ್ತರಾರ್ಧವನ್ನು ನಂಬಿದವರು ಅವಳ ಮಾರ್ಗದರ್ಶಕರು. ವಾರದ ಕೊನೆಗೆ ಅವಳು ಎಸ್‌ಟಿಡಿ ಬೂತಿನಿಂದ ನೇರ ನನ್ನಲ್ಲಿಗೆ ಬಂದಳು. ಕೈಯಲ್ಲಿ ನನ್ನ ವರದಿಯ ತುಣುಕಿತ್ತು.

‘ಪೇಪರಿನಾಗs ಬಂದೈತಲ್ಲ, ಅಲ್ಲಿ ಬೆಳಿಯೂದಿಲ್ಲಂತ. ಇನ್ನ ಯಾಕ ರೊಕ್ಕ, ಟೈಮು ಹಾಳು ಮಾಡ್ತಿ, ಬಂದುಬಿಡು ಅಂದ್ರು. ಕಾಡಿ ಬೇಡಿ ಹದಿನೈದು ದಿನಾ ತಗೊಂಡೀನಿ. ಸರ, ಈ ಸ್ಥಳೀಯ ಹಿರಿಯರು ಅಂದ್ರ ಯಾರ್ರೀ?’

ಮೂಲವನ್ನು ಬಿಟ್ಟುಕೊಡಬಾರದು ಎಂಬುದು ವೃತ್ತಿಧರ್ಮ. ಆದರೆ ಅವಳ ಮುಖ ನೋಡಿ ಬಿಟ್ಟುಕೊಟ್ಟೆ. ಮೂವರು: ನನ್ನ ಅಪ್ಪ, ಅಪ್ಪನ ಜೊತೆ ಇಸ್ಪೀಟು ಆಡುವವರು, ಮತ್ತು ಸಿದ್ದಾಪುರದ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಒಬ್ಬ ನಿವೃತ್ತ ಶಿಕ್ಷಕರು.

‘ಅವರು ಅಣಬಿ ತಿಂತಾರ್ರೀ?’

‘ಇಲ್ಲ. ನಮ್ಮ ಪೈಕಿಯವರು ತಿನ್ನುವುದಿಲ್ಲ.’

‘ಮುಟ್ಟತಾರ್ರೀ?’

‘ಇಲ್ಲ.’

‘ನೋಡ್ಯಾರ್ರೀ?’

ಸ್ವಲ್ಪ ಯೋಚಿಸಬೇಕಾಯಿತು. ‘ಬಸ್ಸಿನ ಕಿಟಕಿಯಿಂದ ನೋಡಿರಬಹುದು’ ಎಂದೆ.

ಅವಳು ತುಣುಕನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಬೈಯಲಿಲ್ಲ. ಬೈದಿದ್ದರೆ ನಾನು ಸಮರ್ಥಿಸಿಕೊಳ್ಳಬಹುದಿತ್ತು.

ನಮ್ಮ ಕಡೆ ಅಡಿಕೆ ತೋಟದ ಮನೆತನಗಳಲ್ಲಿ ಅಣಬೆ ನಿಷಿದ್ಧ. ಈರುಳ್ಳಿ ನನ್ನ ಕಾಲಕ್ಕಾಗಲೇ ಹಿಂಬಾಗಿಲಿನಿಂದ ಒಳಗೆ ಬಂದಿತ್ತು, ಬೆಳ್ಳುಳ್ಳಿ ಔಷಧವೆಂದು ಹೇಳಿಕೊಂಡು ಬಂದಿತ್ತು, ಅಣಬೆ ಮಾತ್ರ ಬಂದಿರಲಿಲ್ಲ. ತಿನ್ನದ ವಸ್ತು ಕಣ್ಣಿಗೂ ಕಾಣುವುದಿಲ್ಲ. ಮೂವರು ಹಿರಿಯರೂ ಸುಳ್ಳು ಹೇಳಿರಲಿಲ್ಲ. ತಾವು ಕಾಣದಿದ್ದುದನ್ನು ಇಲ್ಲವೆಂದಿದ್ದರು, ನಾನು ಅದನ್ನು ‘ಖಚಿತಪಡಿಸಿದ್ದಾರೆ’ ಮಾಡಿದ್ದೆ.

ಆ ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ನನ್ನ ಅಮ್ಮ ಬಾಳೆಲೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

‘ಅಲ್ಲದೋ ತಮಾ, ಅಣಬೆ ಸುದ್ದಿಯ ಅಪ್ಪಯ್ಯನ ಹತ್ರ ಕೇಳಿ ಪೇಪರಿಗೆ ಹಾಕಿದ್ಯಾ? ಮೀನಿನ ಸುದ್ದಿಯ ಪುರೋಹಿತ್ರ ಹತ್ರ ಕೇಳಿದಾಂಗಾತು.’

ಅಪ್ಪ ಜಗಲಿಯಿಂದಲೇ, ಅದು ಇಲ್ಲವೇ ಇಲ್ಲವೆಂದು ದನಿ ಏರಿಸಿದ: ‘ಇಲ್ಲೆ ಹೇಳಿದ್ರೆ ಇಲ್ಲೆ. ಸಣ್ಣಿದ್ದಾಗಿಂದ ಆನು ಬೆಟ್ಟ ತಿರುಗ್ತೆ. ಎಂತ ಇದ್ದು, ಎಂತ ಇಲ್ಲೆ ಹೇಳಿ ಯಂಗೆ ಗೊತ್ತಿಲ್ಯ?’

‘ಅವಕ್ಕೆ ಮೂಗಿನ ಮೇಲಿದ್ದ ಕನ್ನಡಕವೇ ಕಾಣ್ತಿಲ್ಲೆ’ ಎಂದು ಅಮ್ಮ ನನಗೆ ಹೇಳಿದಳು. ಆಮೇಲೆ, ತಾನು ಹೇಳಿದ್ದೆಂದು ಯಾರಿಗೂ ಗೊತ್ತಾಗಬಾರದೆಂದು ದನಿ ತಗ್ಗಿಸಿದಳು. ‘ದರಕು ಗುಡಿಸಲೆ ಬತ್ತಲಾ, ಅದ್ರ ಕೇಳು. ತಿಂಬವ್ವಕ್ಕೆ ಗೊತ್ತಿರ್ತು. ಆನು ಹೇಳಿದೆ ಹೇಳಡ.’

ದರಕು ಎಂದರೆ ಒಣಗಿ ಉದುರಿದ ಎಲೆ. ಪ್ರತಿ ತೋಟಕ್ಕೂ ಗೊಬ್ಬರದ ಸೊಪ್ಪಿಗೆಂದು ಬಿಟ್ಟುಕೊಟ್ಟ ಕಾಡಿನ ಒಂದು ತುಂಡು ಇರುತ್ತದೆ. ಅದನ್ನು ಸೊಪ್ಪಿನ ಬೆಟ್ಟ ಎನ್ನುತ್ತೇವೆ. ಬೇಸಿಗೆಯಲ್ಲಿ ಅಲ್ಲಿಯ ದರಕನ್ನು ಗುಡಿಸಿ ತರುತ್ತಾರೆ. ನಮ್ಮ ಬೆಟ್ಟದಲ್ಲಿ ಗುಡಿಸಲು ವರ್ಷವೂ ಬರುತ್ತಿದ್ದವರು ಗುಡ್ಡದಾಚೆಯ ಕೇರಿಯ, ಗದ್ದೆ ಬೇಸಾಯದ ಮನೆಯ ಹೆಂಗಸು. ಐವತ್ತು ದಾಟಿದ ವಯಸ್ಸು. ಮಾತು ಕಡಿಮೆ, ಆಡಿದರೆ ಅದಕ್ಕೆ ಉತ್ತರವಿರುತ್ತಿರಲಿಲ್ಲ.

ಮರುದಿನ ಸಂಶೋಧಕಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಒಂದೇ ಮಾಡಿನ ಕೆಳಗೆ ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ್ದರು. ಆಚೆ ಬದಿಯಲ್ಲಿ ಇವರ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ನಾವು ಚಾಪೆಯ ಮೇಲೆ ಕೂರುವಷ್ಟರಲ್ಲಿ ಗೋಡೆಯಾಚೆಯಿಂದ ದನಿ ಬಂತು.

‘ಯಾರೇ ಅಕ್ಕಾ ಬಂದದ್ದು?’

‘ಪೇಪರ್ನೋರು ಕಣೆ. ಕರೆಂಟು ಯಾವಾಗ್ ಯಾವಾಗ್ ಹೋಗ್ತದೆ ಅಂತ ಬರ್ಕಂಬೂಕೆ ಬಂದಾರೆ.’

‘ನಮ್ಮನೇಲೂ ಹೋಗ್ತದೆ ಅಂತ ಬರ್ಕಂಬೂಕೆ ಹೇಳು!’

‘ಹೇಳ್ತೆ, ಹೇಳ್ತೆ.’ ನಂತರ ನಮ್ಮ ಕಡೆ ಬಾಗಿ ಪಿಸುಗುಟ್ಟಿದರು: ‘ಎಂತ ಬೇಕಾಗಿತ್ತು?’

ನಾನು ಅದೇ ದನಿಯಲ್ಲಿ ವಿಷಯ ಹೇಳಿದೆ. ಅವರ ಮುಖ ಬಿಗಿದುಕೊಂಡಿತು.

‘ಕಲ್ಲಣಬೆ ಈಗೆಲ್ಲದೆ? ನೀವೇ ಬರ್ದಿದ್ರಲಾ, ಇಲ್ಲ ಅಂತ. ಮಗ ಓದಿ ಹೇಳ್ದ. ಚಲೋ ಬರ್ದಿದ್ರಿ. ಹಾಂಗೇ ಇರ್ಲಿ ಅದು.’

ಸಂಶೋಧಕಿ ನಕ್ಷೆ ಬಿಚ್ಚಿ ಖಾಲಿ ಜಾಗ ತೋರಿಸಿದಳು. ಮೂರು ವರ್ಷದ ಕೆಲಸ, ಉಳಿದದ್ದು ಹದಿನಾಲ್ಕು ದಿನ, ಒಂದೇ ಒಂದು ಸಾಕು ಎಂದಳು.

‘ಒಂದು ತಕಂಡು ಎಂತ ಪಲ್ಯ ಮಾಡ್ತೆ?’

‘ತಿನ್ನಾಕಲ್ರಿ ಅಮ್ಮಾ, ನೋಡಾಕ.’

‘ನೋಡಿ?’

‘ಒಣಗಿಸಿ ಡಬ್ಬ್ಯಾಗ ಇಡ್ತೀವ್ರಿ.’

‘ತಿನ್ನದೆ ಡಬ್ಬೀಲಿಡೂದಾ! ಅಯ್ಯ, ಪಾಪ’ ಎಂದರು. ಪಾಪ ಎಂದದ್ದು ಅಣಬೆಗೋ ಸಂಶೋಧಕಿಗೋ ಗೊತ್ತಾಗಲಿಲ್ಲ. ಆಮೇಲೆ ಪರೀಕ್ಷೆ ಶುರುವಾಯಿತು. ‘ಕೊಯ್ದಾಗ ಒಳಗೆ ಕಪ್ಪಿದ್ರೆ ಎಂತ ಮಾಡೂದು?’

‘ಒಗ್ಯೂದ್ರಿ. ಮುದಿ ಆಗೈತಿ. ಬೆಳ್ಳಗಿದ್ರಷ್ಟs ತಿನ್ನೂದು.’

‘ಹಲ್ಲಿಗೆ ಹ್ಯಾಂಗಿರ್ತದೆ?’

‘ಮ್ಯಾಲಿನ ಸಿಪ್ಪಿ ಟಕ್ ಅಂತೈತಿ, ಒಳಗ ಬೆಣ್ಣಿ. ಕೊಬ್ರಿ ಹಾಕಿ ಮಾಡಿದ್ರ ಎರಡು ರೊಟ್ಟಿ ಜಾಸ್ತಿ ಹೋಗ್ತಾವ್ರಿ.’

ಹೆಂಗಸು ಮೊದಲ ಸಲ ನಕ್ಕರು. ‘ಈ ಹುಡ್ಗಿ ತಿಂದದ್ದು ಹೌದು.’ ಅನಂತರ ನನ್ನತ್ತ ನೋಡಿ, ‘ಇವ್ರನ್ನೂ ಕರ್ಕಂಡೇ ಹೋಗ್ವ. ತಿನ್ನದವ್ರು, ಕದಿಯೂದಿಲ್ಲ’ ಎಂದರು.

ಕಲ್ಲಣಬೆಯ ಜಾಗ ಎಂದರೆ ಅವರಲ್ಲಿ ಮನೆತನದ ಸ್ವತ್ತು. ಅತ್ತೆ ಅದನ್ನು ಒಬ್ಬಳೇ ಸೊಸೆಗೆ ತೋರಿಸುತ್ತಾಳೆ. ಮಗಳಿಗೆ ತೋರಿಸುವುದಿಲ್ಲ, ಅವಳು ಬೇರೆ ಮನೆಗೆ ಹೋಗುವವಳು. ಗಂಡಸರಿಗೆ ತೋರಿಸುವುದಿಲ್ಲ, ಅವರು ಸಾರಾಯಿ ಅಂಗಡಿಗೆ ಹೋಗುವವರು. ಇವರ ಅತ್ತೆ ತೋರಿಸಿದ್ದು ಹಿರಿಯ ಸೊಸೆಗೆ. ಕಿರಿಯವಳು ಅಂದಿನಿಂದ ಹುಡುಕುತ್ತಲೇ ಇದ್ದಳು. ಗೋಡೆ ಎದ್ದದ್ದು ಅಡುಗೆಮನೆಯ ವಿಷಯಕ್ಕೆ ಎಂದು ಊರಿನವರು ತಿಳಿದಿದ್ದರು; ಅದು ಪೂರ್ತಿ ಸುಳ್ಳೂ ಅಲ್ಲ.

ಶರತ್ತುಗಳನ್ನು ಹೇಳಿದರು. ಗುಡುಗು ಹೊಡೆದ ಮೂರನೆಯ ದಿನ ಹೋಗುವುದು. ಅವರು ನಡೆಸಿದ ದಾರಿಯಲ್ಲೇ ನಡೆಯುವುದು. ಅಣಬೆಗೆ ಬೆರಳು ತೋರಿಸುವಂತಿಲ್ಲ; ತೋರಿಸಿದರೆ ಮರುವರ್ಷ ಅಲ್ಲಿ ಏಳುವುದಿಲ್ಲ. ಪೇಪರಿನಲ್ಲಿ ಬರುವಂತಿಲ್ಲ.

ಗುಡುಗು ಬೇಗನೆ ಬರಲಿಲ್ಲ. ಹದಿನಾಲ್ಕು ದಿನ ಹತ್ತಾಯಿತು, ಏಳಾಯಿತು. ಸಂಶೋಧಕಿ ದಿನವೂ ನನ್ನ ಕಚೇರಿಯ ಕಿಟಕಿಯಲ್ಲಿ ನಿಂತು ಆಕಾಶ ನೋಡುತ್ತಿದ್ದಳು. ಕೆಳಗಿನ ಮೂವತ್ತು ಟೈಪ್‌ರೈಟರುಗಳು ಒಟ್ಟಿಗೆ ಶುರುವಾದಾಗಲೆಲ್ಲ ತಿರುಗಿ, ‘ಗುಡುಗಿತೇನ್ರೀ?’ ಎನ್ನುತ್ತಿದ್ದಳು. ಐದು ದಿನ ಉಳಿದಿದ್ದಾಗ ಒಂದು ಮಧ್ಯಾಹ್ನ ನಿಜವಾಗಿಯೂ ಗುಡುಗಿತು.

ಮೂರನೆಯ ದಿನ ಬೆಳಿಗ್ಗೆ ಹೊರಟೆವು. ಹೆಂಗಸಿನ ತಲೆಯ ಮೇಲೆ ಕಂಬಳಿಕೊಪ್ಪೆ, ಕಂಕುಳಲ್ಲಿ ಬುಟ್ಟಿ, ಬುಟ್ಟಿಯ ಮೇಲೆ ಮುಚ್ಚಲು ಸೊಪ್ಪು. ಎದುರು ಸಿಕ್ಕಿದ ಇಬ್ಬರಿಗೆ, ‘ಸೊಪ್ಪಿಗೆ ಹೊಂಟದ್ದು’ ಎಂದರು. ‘ಪೇಪರ್ನೋರೂ ಸೊಪ್ಪಿಗಾ?’ ಎಂದು ಒಬ್ಬ ಕೇಳಿದ. ‘ಈಗ ಅವ್ರಿಗೂ ಕೆಲ್ಸ ಇಲ್ಲ’ ಎಂದರು.

ಅಭ್ಯಾಸಬಲದಿಂದ ನಾನು ತಿರುವುಗಳನ್ನು ಗುರುತು ಹಾಕಿಕೊಳ್ಳತೊಡಗಿದ್ದೆ. ‘ಪೆನ್ನು ಒಳಗಿಡಿ’ ಎಂದರು, ಹಿಂದೆ ತಿರುಗದೆಯೇ. ಒಂದು ಹಳ್ಳ ದಾಟಿದೆವು. ಸ್ವಲ್ಪ ಹೊತ್ತಿಗೆ ಇನ್ನೊಂದು ದಾಟಿದೆವು. ಮೂರನೆಯದನ್ನು ದಾಟುವಾಗ ಅದರಲ್ಲಿ ಬಿದ್ದಿದ್ದ ಹರಕು ಚಪ್ಪಲಿಯನ್ನು ನಾನು ಮೊದಲನೆಯದರಲ್ಲೂ ಕಂಡಿದ್ದೆ. ಸಂಶೋಧಕಿ ಪಾಪ, ‘ಎಷ್ಟು ಹಳ್ಳ ಅದಾವ್ರೀ ನಿಮ್ಮ ಕಡೆ’ ಎಂದು ಮೆಚ್ಚಿದಳು. ಮುಳ್ಳುಕಂಟಿಯಲ್ಲಿ ಬಗ್ಗಿ, ಜಾರಿ, ಏರಿ, ಒಂದೂವರೆ ತಾಸು ನಡೆದ ಮೇಲೆ ಮೂರು ಹೈಗದ ಮರಗಳ ಬುಡದಲ್ಲಿ ಹೆಂಗಸು ನಿಂತರು.

ನಾನು ಸುತ್ತ ನೋಡಿದೆ. ಪಕ್ಕದ ಬಂಡೆಯ ಮೇಲೆ ಸುಣ್ಣದ ಗೆರೆ ಇತ್ತು. ಅದರ ಕೈಬರಹ ನನಗೆ ಗೊತ್ತಿತ್ತು. ಗಡಿ ಗುರುತಿಗೆಂದು ವರ್ಷಕ್ಕೊಮ್ಮೆ ನನ್ನ ಅಪ್ಪ ಎಳೆಯುವ ಗೆರೆ. ಮರಗಳ ಸಂದಿಯಲ್ಲಿ, ಕೂಗಳತೆಯ ಕೆಳಗೆ, ನಮ್ಮ ಕೊಟ್ಟಿಗೆಯ ಮಾಡು ಕಾಣುತ್ತಿತ್ತು. ಅಮ್ಮ ಆಕಳಿಗೆ ಬೈಯುತ್ತಿರುವುದು ಶಬ್ದಶಃ ಕೇಳುತ್ತಿತ್ತು. ನಮ್ಮದೇ ಬೆಟ್ಟ. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ.

ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಮುಖವನ್ನು ಪತ್ರಿಕಾಗೋಷ್ಠಿಯಲ್ಲಿ ಇಟ್ಟುಕೊಳ್ಳುವ ಹಾಗೆ ಇಟ್ಟುಕೊಂಡೆ.

ಕತ್ತಿಯ ತುದಿಯಿಂದ ಅವರು ದರಕು ಸರಿಸಿದರು. ಮಣ್ಣು ಸಣ್ಣದಾಗಿ ಬಿರಿದು, ಬಿರುಕಿನಲ್ಲಿ ಕೊಳೆಬಿಳಿಯ ಒಂದು ಬೆನ್ನು.

‘ಅಲ್ಲೈತ್ರೀ!’ ಎಂದು ಸಂಶೋಧಕಿ ಕಿರುಚಿದಳು. ಮೂರು ವರ್ಷದ ಕಾತರವೆಲ್ಲ ಒಟ್ಟುಗೂಡಿ ಅವಳ ಬೆರಳು ನೇರ ಅದರತ್ತ ಚಾಚಿತು.

‘ಕಚ್ಚು! ಬೆರಳು ಕಚ್ಚು!’

‘ಏನ್ರೀ?’

‘ತೋರ್ಸಿದ ಬೆರಳು ಕಚ್ಚಿದ್ರೆ ಅಡ್ಡಿಲ್ಲ. ಕಚ್ಚು ಬೇಗ! ಮೂರು ಸಲ!’

ಸಂಶೋಧಕಿ ತನ್ನ ತೋರುಬೆರಳನ್ನು ಮೂರು ಸಲ ಕಚ್ಚಿಕೊಂಡಳು. ಹೆಂಗಸು ಹಲ್ಲಿನ ಗುರುತು ಪರೀಕ್ಷಿಸಿ, ನಾಲ್ಕನೆಯ ಸಲವೂ ಕಚ್ಚಿಸಿದರು.

ಬೇರು ಕಡಿಯದ ಹಾಗೆ ಉಂಡೆಯನ್ನು ಬಿಡಿಸಲು ಒಂದು ತಾಸು ಹಿಡಿಯಿತು. ಅವಳು ಹೊಟ್ಟೆಯ ಮೇಲೆ ಮಲಗಿ, ಚಿತ್ರ ಬರೆಯುವ ಕುಂಚದಿಂದ ಮಣ್ಣು ಗುಡಿಸುತ್ತಿದ್ದಳು. ‘ಹೆರಿಗೆ ಮಾಡ್ಸುವಾಂಗೆ ಮಾಡ್ತಾಳಲೆ’ ಎಂದರು ಹೆಂಗಸು. ಅಷ್ಟರಲ್ಲಿ ಅವರು ತಮ್ಮ ಪಾಲಿನದನ್ನು ಆರಿಸಿ, ಒಂದಿಷ್ಟನ್ನು ಹಾಗೆಯೇ ಬಿಟ್ಟು ಮತ್ತೆ ದರಕು ಮುಚ್ಚಿದ್ದರು. ಕೊನೆಗೆ ಕಲ್ಲಣಬೆ ಹೊರಬಂತು. ಅದರ ಬುಡದಿಂದ ಕೂದಲಿನಷ್ಟು ತೆಳ್ಳಗಿನ ಎಳೆಗಳು ಹೈಗದ ಬೇರನ್ನು ತಬ್ಬಿಕೊಂಡಿದ್ದವು. ಸಂಶೋಧಕಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

ಆಮೇಲೆ ಮಾದರಿಯ ವಿವರ ಬರೆಯುವ ಚೀಟಿ ತೆಗೆದಳು. ಯಾರಿಂದಲೋ ಎರವಲು ತಂದ, ಉಪಗ್ರಹ ನೋಡಿ ಜಾಗ ಹೇಳುವ ಯಂತ್ರವೊಂದಿತ್ತು. ಮರದಡಿ ಅದಕ್ಕೆ ಆಕಾಶ ಕಾಣಲಿಲ್ಲ. ಕೊಂಬೆಗಳ ನಡುವಿನ ಒಂದು ಕಿಂಡಿಯ ಕೆಳಗೆ ಅದನ್ನು ಎತ್ತಿ ಹಿಡಿದು ಇಪ್ಪತ್ತು ನಿಮಿಷ ನಿಂತ ಮೇಲೆ ಅಂಕಿಗಳು ಮೂಡಿದವು.

ಹೆಂಗಸು ಬಂದು ಅವಳ ಕೈ ಹಿಡಿದರು. ‘ಎಂತ ಬರೀತೆ?’

‘ಜಾಗಾ ರೀ. ಇದಿಲ್ಲಂದ್ರ ನಾ ಇಷ್ಟೂ ದಿನ ತಿರುಗಿದ್ದು ನೀರಾಗ ಹೋಮ ಮಾಡಿದಂಗ.’

‘ಜಾಗ ಬರೀಬೇಡಾ.’

ಸಂಶೋಧಕಿಯ ಕಣ್ಣಲ್ಲಿ ನೀರು ಬಂತು. ಅದನ್ನು ಮಣ್ಣಿನ ಕೈಯಿಂದ ಒರೆಸಿಕೊಂಡದ್ದರಿಂದ ಮುಖವೆಲ್ಲ ಕೆಂಪಾಯಿತು. ಹೆಂಗಸು ಅದನ್ನು ನೋಡಿ, ತಮ್ಮ ಸೆರಗಿನ ತುದಿ ಕೊಟ್ಟು, ಸ್ವಲ್ಪ ಮೆತ್ತಗೆ ಕೇಳಿದರು: ‘ಇದ್ನ ಯಾರು ಓದೂದು?’

‘ನಮ್ಮ ಸರ ಓದ್ತಾರ. ಮುಂದ ಇಟಲಿ, ಜಪಾನು, ಆಸ್ಟ್ರೇಲಿಯಾದಾಗ ಇದs ಕೆಲ್ಸಾ ಮಾಡೋರು ಇದ್ದಾರಲ್ರಿ, ಅವರು ಓದಬಹುದು.’

‘ಅವ್ರು ಬಂದು ಕಿತ್ಕಂಡು ಹೋಗ್ತಾರಾ?’

‘ಅಷ್ಟು ದೂರದಿಂದ ಯಾರು ಬರ್ತಾರ್ರಿ?’

ಹೆಂಗಸು ಚೀಟಿಯನ್ನು ಇಸಿದುಕೊಂಡು ಅಂಕಿಗಳನ್ನು ತಿರುವಿ ಮುರುವಿ ನೋಡಿದರು. ನನಗೂ ತೋರಿಸಿದರು. ‘ಇದ್ರಲ್ಲಿ ನಮ್ಮೂರು ಎಲ್ಲದೆ, ಓದಿ ಹೇಳಿ.’

‘ಊರಿನ ಹೆಸರಿಲ್ಲ. ಬರೀ ಅಂಕಿ’ ಎಂದೆ.

‘ನಮ್ಮ ವಾರಗಿತ್ತಿಗೆ ಓದೂಕೆ ಬತ್ತದಾ?’

‘ಇಲ್ಲ. ನನಗೂ ಬರುವುದಿಲ್ಲ.’

‘ಹಾಂಗಾರೆ ಬರಿ’ ಎಂದು ಚೀಟಿ ವಾಪಸು ಕೊಟ್ಟರು. ‘ದೂರದವ್ರಿಗೆ ಗೊತ್ತಾದ್ರೆ ಅಡ್ಡಿಲ್ಲ.’

ಚೀಟಿಯಲ್ಲಿ ಸಂಗ್ರಹಿಸಿದವರ ಹೆಸರಿಗೂ ಒಂದು ಸಾಲಿತ್ತು. ತಮ್ಮ ಹೆಸರು ಖಂಡಿತ ಬೇಡ ಎಂದರು ಹೆಂಗಸು. ಸಂಶೋಧಕಿ ಡಬ್ಬಿಗೆ ಮುಚ್ಚಳ ಹಾಕುವ ಹೊತ್ತಿಗೆ, ‘ಇಟಲಿಯವ್ರೆಲ್ಲಾ ನೋಡೂದು ಅಂದ್ಯಲಾ. ಹೆಸ್ರು ಸಣ್ಣಕೆ ಹಾಕು’ ಎಂದರು.

ಆ ಡಬ್ಬಿ ಬಯಲುಸೀಮೆ ತಲುಪಿತು. ಅಧ್ಯಾಯ ಉಳಿಯಿತು. ಒಂದು ವರ್ಷದ ಮೇಲೆ ಸಂಶೋಧಕಿ ಕಳಿಸಿದ ಹೊಸ ನಕ್ಷೆಯಲ್ಲಿ ಘಟ್ಟದ ಮೇಲೆ ಒಂದು ಕೆಂಪು ಚುಕ್ಕಿ ಇತ್ತು. ನಾನು ಆ ನಡುವೆ ಊರು ಹೇಳದೆ ತಿದ್ದುಪಡಿ ಹಾಕಲಾದೀತೇ ಎಂದು ಡೆಸ್ಕಿಗೆ ಫೋನು ಮಾಡಿದ್ದೆ. ‘ಏನು? ಕಲ್ಲಣಬಿ ಸಿಗತೈತಿ. ಎಲ್ಲಿ? ಹೇಳಂಗಿಲ್ಲ. ಯಾರಿಗೆ ಸಿಕ್ತು? ಹೇಳಂಗಿಲ್ಲ. ತಮ್ಮಾ, ಇದು ತಿದ್ದುಪಡಿ ಅಲ್ಲ, ಒಡಪು’ ಎಂದು ಮುಖ್ಯಸ್ಥರು ಫೋನು ಇಟ್ಟರು. ಹಾಗಾಗಿ ಆ ವರದಿ ಪತ್ರಿಕೆಯ ಕಡತದಲ್ಲಿ ಇಂದಿಗೂ ಹಾಗೆಯೇ ಇದೆ.

ಆ ದಿನ ಡಬ್ಬಿ ಚೀಲಕ್ಕೆ ಸೇರಿದಾಗ ಮಧ್ಯಾಹ್ನ ದಾಟಿತ್ತು. ಮೂವರಿಗೂ ಹಸಿವಾಗಿತ್ತು. ಕೆಳಗಿನಿಂದ ನಮ್ಮ ಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಮಜ್ಜಿಗೆ ಹುಳಿ ಎಂದು ಇಲ್ಲಿಂದಲೇ ಹೇಳಬಹುದಿತ್ತು. ಇಳಿದರೆ ಹತ್ತು ನಿಮಿಷ. ಸಂಶೋಧಕಿ ಮೂಗೆತ್ತಿ, ‘ಇಲ್ಲೆ ಹತ್ರ ಯಾರದೋ ಮನಿ ಐತ್ರೀ’ ಎಂದಳು.

‘ಇಲ್ಲ, ಇದು ದೊಡ್ಡ ಕಾಡು’ ಎಂದರು ಹೆಂಗಸು. ಬುಟ್ಟಿ ಎತ್ತಿಕೊಂಡು ನನ್ನ ಕಡೆ ತಿರುಗಿದರು. ‘ಪೇಪರ್ನೋರೆ, ಇದು ಯಾವ ಜಾಗ ಅಂತ ಗೊತ್ತಾತಾ?’

ಕೆಳಗೆ ಅಪ್ಪ ಕೆಮ್ಮಿ, ಊಟಕ್ಕೆ ನಾನಿನ್ನೂ ಬಂದಿಲ್ಲವೇಕೆಂದು ಅಮ್ಮನನ್ನು ಕೇಳಿದ. ಮೂವರಿಗೂ ಕೇಳಿಸಿತು.

‘ಇಲ್ಲ’ ಎಂದೆ.

‘ಹಾಂಗಾರೆ ಬಂದ ದಾರೀಲೇ ಹೋಗ್ವ’ ಎಂದು ಅವರು ಮುಂದೆ ನಡೆದರು. ನಾವು ಹಿಂದೆ ನಡೆದೆವು, ಒಂದೂವರೆ ತಾಸು, ಮೂರು ಹಳ್ಳ ದಾಟಿಕೊಂಡು.